ಕ್ಲೌಡ್ ಡೇಟಾಬೇಸ್, ವರ್ಚುವಲ್ ಮಷೀನ್‌ಗಳ ರಿಸರ್ವ್ಡ್ ದರ: ಲೆಕ್ಕ ಹಾಕಿ ಕೊಳ್ಳುವ ಕ್ರಮ

ಕ್ಲೌಡ್ ಕಂಪನಿಯಿಂದ ಬಾಡಿಗೆಗೆ ಪಡೆದ ಒಂದು ಮಷೀನ್ ಅಥವಾ ಡೇಟಾಬೇಸನ್ನು ಇನ್‌ಸ್ಟನ್ಸ್ ಎನ್ನುತ್ತಾರೆ. ರಿಸರ್ವ್ಡ್ ಇನ್‌ಸ್ಟನ್ಸ್ ಅಂದಕೂಡಲೇ ನಮಗಾಗಿ ಒಂದು ಮಷೀನನ್ನು ಎಲ್ಲೋ ಕಾದಿರಿಸಿದ್ದಾರೆ ಅಂತ ಅನಿಸುತ್ತದೆ. ಸಾಮಾನ್ಯವಾಗಿ ಹಾಗೇನೂ ಇರುವುದಿಲ್ಲ. ನೀವು ಕೊಳ್ಳುವುದು ಮಷೀನನ್ನಲ್ಲ, ಬಿಲ್ಲಿಗೆ ಸಂಬಂಧಿಸಿದ ಒಂದು ಒಪ್ಪಂದವನ್ನು. "ಇಂಥ ರೀಜನ್‌ನಲ್ಲಿ (ಮಷೀನ್‌ಗಳಿರುವ ಭೌಗೋಳಿಕ ಪ್ರದೇಶದಲ್ಲಿ), ಇಂಥ ಬಗೆಯ ಮಷೀನನ್ನು ಒಂದು ವರ್ಷ ಅಥವಾ ಮೂರು ವರ್ಷ ಪ್ರತಿ ಗಂಟೆಯೂ ಬಳಸುತ್ತೇನೆ, ಬಳಸದಿದ್ದರೂ ದುಡ್ಡು ಕೊಡುತ್ತೇನೆ" ಎಂದು ನೀವು ಮಾತು ಕೊಡುತ್ತೀರಿ. ಅದಕ್ಕೆ ಬದಲಾಗಿ ಕಂಪನಿ ದರ ಇಳಿಸುತ್ತದೆ. ಓಡುತ್ತಿರುವ ಸರ್ವರ್‌ಗೆ ಇದರ ಸುಳಿವೂ ಇರುವುದಿಲ್ಲ: ರೀಸ್ಟಾರ್ಟ್ ಬೇಡ, ಸೆಟ್ಟಿಂಗ್ ಬದಲಾಯಿಸುವುದು ಬೇಡ. ಪ್ರತಿ ಗಂಟೆಯ ಕೊನೆಗೆ ಬಿಲ್ಲಿಂಗ್ ವ್ಯವಸ್ಥೆ ನಿಮ್ಮ ಒಪ್ಪಂದಕ್ಕೆ ಹೊಂದುವ ಮಷೀನ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಕಡಿಮೆ ದರ ಹಾಕುತ್ತದೆ. ಇಲ್ಲದಿದ್ದರೆ ಆ ಗಂಟೆಗೆ ಕಟ್ಟಿದ ಹಣ ಹೋಯಿತು. ಅದು ಮುಂದಿನ ಗಂಟೆಗೆ ಉಳಿಯುವುದಿಲ್ಲ, ತಿಂಗಳ ಕೊನೆಗೆ ಹೊಂದಾಣಿಕೆಯೂ ಆಗುವುದಿಲ್ಲ.

ಇಲ್ಲಿ ಆಗುವ ತಪ್ಪುಗಳೆಲ್ಲ ಬಹುಪಾಲು ಈ "ಹೊಂದುವ" ಮತ್ತು "ಪ್ರತಿ ಗಂಟೆ" ಎಂಬ ಎರಡು ಮಾತುಗಳನ್ನು ಮರೆತದ್ದರಿಂದಲೇ ಆಗುತ್ತವೆ.

ಮೂರು ಕಂಪನಿಗಳ ಹೆಸರುಗಳು, ಅವುಗಳ ನಿಜವಾದ ಅರ್ಥ

ಅಮೆಜಾನ್‌ನಲ್ಲಿ ಎರಡು ದಾರಿಗಳಿವೆ. ಹಳೆಯದು ರಿಸರ್ವ್ಡ್ ಇನ್‌ಸ್ಟನ್ಸ್, 2009ರಿಂದ ಇದೆ. ಇದರಲ್ಲಿ ಸ್ಟ್ಯಾಂಡರ್ಡ್ ಬಗೆಗೆ ಗರಿಷ್ಠ ಶೇ 72, ಮಧ್ಯದಲ್ಲಿ ಬೇರೆ ಮಷೀನಿಗೆ ಬದಲಾಯಿಸಿಕೊಳ್ಳಬಹುದಾದ ಕನ್ವರ್ಟಿಬಲ್ ಬಗೆಗೆ ಗರಿಷ್ಠ ಶೇ 66 ರಿಯಾಯಿತಿ. 2019ರ ನವೆಂಬರ್‌ನಲ್ಲಿ ಸೇವಿಂಗ್ಸ್ ಪ್ಲ್ಯಾನ್ ಬಂತು. ಇಲ್ಲಿ ಮಷೀನಿನ ಹೆಸರು ಹೇಳಬೇಕಿಲ್ಲ, "ಗಂಟೆಗೆ ಇಷ್ಟು ಡಾಲರ್ ಖರ್ಚು ಮಾಡುತ್ತೇನೆ" ಎಂದು ಮಾತು ಕೊಟ್ಟರೆ ಸಾಕು. ಇಸಿ2 (ಅಮೆಜಾನ್‌ನ ವರ್ಚುವಲ್ ಮಷೀನ್ ಸೇವೆ) ಇನ್‌ಸ್ಟನ್ಸ್ ಸೇವಿಂಗ್ಸ್ ಪ್ಲ್ಯಾನ್ ಒಂದು ರೀಜನ್‌ನ ಒಂದು ಮಷೀನ್ ಕುಟುಂಬಕ್ಕೆ (ಒಂದೇ ಬಗೆಯ, ಬೇರೆ ಬೇರೆ ಗಾತ್ರದ ಮಷೀನ್‌ಗಳ ಗುಂಪಿಗೆ) ಕಟ್ಟಿಹಾಕಿದ್ದು, ಗರಿಷ್ಠ ಶೇ 72. ಕಂಪ್ಯೂಟ್ ಸೇವಿಂಗ್ಸ್ ಪ್ಲ್ಯಾನ್ ಎಲ್ಲ ರೀಜನ್, ಎಲ್ಲ ಕುಟುಂಬಗಳಿಗೂ, ಜೊತೆಗೆ ಸರ್ವರ್ ನೋಡಿಕೊಳ್ಳದೆಯೇ ಪ್ರೋಗ್ರಾಂ ಓಡಿಸುವ ಫಾರ್ಗೇಟ್ ಮತ್ತು ಲ್ಯಾಂಬ್ಡಾ ಸೇವೆಗಳಿಗೂ ಅನ್ವಯಿಸುತ್ತದೆ, ಗರಿಷ್ಠ ಶೇ 66. ಆದರೆ ಈ ಎರಡೂ ಡೇಟಾಬೇಸನ್ನು ಮುಟ್ಟುವುದಿಲ್ಲ. ಕಂಪ್ಯೂಟ್ ಸೇವಿಂಗ್ಸ್ ಪ್ಲ್ಯಾನ್ ಕೊಂಡು ಆರ್‌ಡಿಎಸ್ (ಅಮೆಜಾನ್‌ನ ಡೇಟಾಬೇಸ್ ಸೇವೆ) ಬಿಲ್ ಇಳಿಯಲೆಂದು ಕಾಯುವವರು ಈಗಲೂ ಇದ್ದಾರೆ. ಆರ್‌ಡಿಎಸ್‌ಗೆ ಅದರದೇ ರಿಸರ್ವ್ಡ್ ಡಿಬಿ ಇನ್‌ಸ್ಟನ್ಸ್ ಬೇಕು. ಅಮೆಜಾನ್‌ನ ಬೇರೆ ಡೇಟಾ ಸೇವೆಗಳಾದ ಎಲಾಸ್ಟಿಕ್ಯಾಶ್, ರೆಡ್‌ಶಿಫ್ಟ್‌ಗಳಿಗೆ ರಿಸರ್ವ್ಡ್ ನೋಡ್ ಎಂದು ಬೇರೆ, ಡೈನಮೋಡಿಬಿಗೆ ರಿಸರ್ವ್ಡ್ ಕೆಪಾಸಿಟಿ ಎಂದು ಬೇರೆ. 2025ರ ಡಿಸೆಂಬರ್‌ನಲ್ಲಿ ಡೇಟಾಬೇಸ್‌ಗಳಿಗೆಂದೇ ಒಂದು ಸೇವಿಂಗ್ಸ್ ಪ್ಲ್ಯಾನ್ ಬಂದಿದೆ. ಅದು ಒಂದು ವರ್ಷದ, ಮುಂಗಡವಿಲ್ಲದ ಒಪ್ಪಂದ. ಸಡಿಲತೆ ಹೆಚ್ಚು, ರಿಯಾಯಿತಿ ಕಡಿಮೆ.

ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇದನ್ನು ರಿಸರ್ವೇಷನ್ ಎನ್ನುತ್ತಾರೆ. ವರ್ಚುವಲ್ ಮಷೀನ್‌ಗೆ ಗರಿಷ್ಠ ಶೇ 72. ಎಸ್‌ಕ್ಯುಎಲ್ ಡೇಟಾಬೇಸ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಕಾಸ್ಮಾಸ್ ಡಿಬಿ ಇವಕ್ಕೆಲ್ಲ ಬೇರೆ ಬೇರೆ ರಿಸರ್ವೇಷನ್ ಇವೆ. ಅಮೆಜಾನ್‌ನ ಸೇವಿಂಗ್ಸ್ ಪ್ಲ್ಯಾನ್‌ನಂಥದ್ದು ಇಲ್ಲಿಗೆ 2022ರ ಅಕ್ಟೋಬರ್‌ನಲ್ಲಿ ಬಂತು, ಗರಿಷ್ಠ ಶೇ 65.

ಗೂಗಲ್ ಕ್ಲೌಡ್‌ನಲ್ಲಿ ಇದು ಕಮಿಟೆಡ್ ಯೂಸ್ ಡಿಸ್ಕೌಂಟ್. ಒಂದು ರೀಜನ್‌ನ ಒಂದು ಮಷೀನ್ ಸರಣಿಯಲ್ಲಿ ಇಷ್ಟು ವಿಸಿಪಿಯು (ವರ್ಚುವಲ್ ಪ್ರೊಸೆಸರ್), ಇಷ್ಟು ಮೆಮೊರಿ ಎಂದು ಕೊಳ್ಳುವುದು ಒಂದು ಬಗೆ. ಹೆಚ್ಚಿನ ಮಷೀನ್‌ಗಳಿಗೆ ಗರಿಷ್ಠ ಶೇ 57, ಮೆಮೊರಿ-ಆಪ್ಟಿಮೈಸ್ಡ್ ಮಷೀನ್‌ಗಳಿಗೆ ಶೇ 70. ಖರ್ಚಿನ ಲೆಕ್ಕದ ಫ್ಲೆಕ್ಸಿಬಲ್ ಬಗೆ ಇನ್ನೊಂದು: ಒಂದು ವರ್ಷಕ್ಕೆ ಶೇ 28, ಮೂರು ವರ್ಷಕ್ಕೆ ಶೇ 46. ಕ್ಲೌಡ್ ಎಸ್‌ಕ್ಯುಎಲ್‌ಗೆ ಒಂದು ವರ್ಷಕ್ಕೆ ಶೇ 25, ಮೂರು ವರ್ಷಕ್ಕೆ ಶೇ 52. ಗೂಗಲ್‌ನಲ್ಲಿ ಮುಂಗಡದ ಮಾತೇ ಇಲ್ಲ, ತಿಂಗಳು ತಿಂಗಳು ಬಿಲ್ ಬರುತ್ತದೆ. ಜೊತೆಗೆ ಎನ್1, ಎನ್2ನಂಥ ಕೆಲವು ಸರಣಿಗಳು ತಿಂಗಳಿಡೀ ಓಡಿದರೆ ಏನೂ ಕೊಳ್ಳದೆಯೇ ಸಸ್ಟೇನ್ಡ್ ಯೂಸ್ ರಿಯಾಯಿತಿ ಸಿಗುತ್ತದೆ: ಎನ್1ಗೆ ಶೇ 30ರವರೆಗೆ, ಎನ್2ಗೆ ಶೇ 20ರವರೆಗೆ. ಆದ್ದರಿಂದ ಗೂಗಲ್‌ನಲ್ಲಿ ಉಳಿತಾಯವನ್ನು ಪಟ್ಟಿ ದರಕ್ಕೆ ಹೋಲಿಸಬೇಡಿ, ಈಗ ನಿಜವಾಗಿ ಕಟ್ಟುತ್ತಿರುವ ದರಕ್ಕೆ ಹೋಲಿಸಿ.

ಈ "ಗರಿಷ್ಠ" ಅಂಕಿಗಳನ್ನು ಬಜೆಟ್ ಹಾಳೆಗೆ ಹಾಗೇ ಬರೆದುಕೊಳ್ಳಬೇಡಿ. ಅವು ಮೂರು ವರ್ಷದ, ಅಮೆಜಾನ್‌ನಲ್ಲಾದರೆ ಪೂರ್ತಿ ಮುಂಗಡದ, ಆಯ್ದ ಕೆಲವೇ ಮಷೀನ್‌ಗಳ ಅಂಕಿಗಳು. ನಿಮ್ಮ ಮಷೀನಿನ ರಿಯಾಯಿತಿಯನ್ನು ಖರೀದಿ ಪುಟದಲ್ಲೇ ನೋಡಿ.

ಹಂತ 1: ಕೊಳ್ಳುವ ಮೊದಲು ಮನೆ ಗುಡಿಸಿ

ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡ ಮಷೀನಿಗೆ ಶೇ 40 ರಿಯಾಯಿತಿ ಸಿಕ್ಕರೂ ನೀವು ಕಟ್ಟುವುದು ಹೆಚ್ಚೇ. ಮಷೀನನ್ನು ಅರ್ಧಕ್ಕೆ ಇಳಿಸಿದ್ದರೆ ಯಾವ ಮಾತೂ ಕೊಡದೆ ಶೇ 50 ಉಳಿಯುತ್ತಿತ್ತು. ಹಾಗಾಗಿ ಈ ಕ್ರಮ ತಪ್ಪಿಸಬೇಡಿ: ಮೊದಲು ಬೇಡದ್ದನ್ನು ಅಳಿಸಿ, ಆಮೇಲೆ ದೊಡ್ಡದನ್ನು ಚಿಕ್ಕದು ಮಾಡಿ, ಆಮೇಲೆ ಹೊಸ ಕುಟುಂಬಕ್ಕೆ ಹೋಗುವುದಿದ್ದರೆ ಹೋಗಿ, ಕೊನೆಗೆ ರಿಸರ್ವ್ ಮಾಡಿ.

ಕನಿಷ್ಠ 30 ದಿನಗಳ ಸಿಪಿಯು ಮತ್ತು ಮೆಮೊರಿ ಬಳಕೆ ನೋಡಿ. ಸರಾಸರಿಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ತಿಂಗಳ ಕೊನೆಯ ಬ್ಯಾಚ್ ಕೆಲಸ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಡೇಟಾಬೇಸ್‌ಗಂತೂ ಸಿಪಿಯು ಒಂದೇ ಅಳತೆಗೋಲಲ್ಲ. ಸಿಪಿಯು ಶೇ 15 ಇದೆ ಎಂದು ಮಷೀನ್ ಇಳಿಸಿದರೆ ಮೆಮೊರಿಯೂ ಅರ್ಧವಾಗುತ್ತದೆ, ಕ್ಯಾಶ್‌ನಲ್ಲಿ ಕೂತಿದ್ದ ಡೇಟಾ ಡಿಸ್ಕ್‌ಗೆ ಬೀಳುತ್ತದೆ, ಮೊನ್ನೆಯವರೆಗೆ ಸರಾಗವಾಗಿದ್ದ ಕ್ವೆರಿಗಳು ಎಳೆಯತೊಡಗುತ್ತವೆ. ಇಳಿಸಿದ ಮೇಲೆ ಎರಡು ವಾರ ರೀಡ್ ಐಓಪಿಎಸ್ (ಸೆಕೆಂಡಿಗೆ ಎಷ್ಟು ಸಲ ಡಿಸ್ಕ್‌ನಿಂದ ಓದಲಾಗುತ್ತಿದೆ ಎಂಬ ಲೆಕ್ಕ) ಮೇಲೆ ಕಣ್ಣಿಟ್ಟು, ಅದು ನೆಲೆ ನಿಂತಮೇಲೆ ಕೊಳ್ಳಿ.

ಕುಟುಂಬ ಬದಲಾವಣೆಯ ವಿಷಯವನ್ನು ತಂಡದವರನ್ನು ಕೂರಿಸಿಕೊಂಡು ಕೇಳಲೇಬೇಕು. ಆರ್‌ಡಿಎಸ್‌ನಲ್ಲಿ ಇಂಟೆಲ್‌ನ ಆರ್6ಐ ಕುಟುಂಬಕ್ಕೆ ರಿಸರ್ವ್ಡ್ ಕೊಂಡು, ಮೂರು ತಿಂಗಳಿಗೆ ಅಮೆಜಾನ್‌ನದೇ ಪ್ರೊಸೆಸರ್ ಆದ ಗ್ರ್ಯಾವಿಟಾನ್‌ನ ಆರ್6ಜಿಗೆ ಹೋದಿರೆಂದುಕೊಳ್ಳಿ. ಹಳೆಯ ರಿಸರ್ವ್ಡ್ ಹೊಸದಕ್ಕೆ ಹೊಂದುವುದಿಲ್ಲ. ಆರ್‌ಡಿಎಸ್ ರಿಸರ್ವ್ಡ್ ರದ್ದಾಗುವುದಿಲ್ಲ, ಬದಲಾಯಿಸಲಾಗುವುದಿಲ್ಲ, ಮಾರುಕಟ್ಟೆಯಲ್ಲಿ ಮಾರಲೂ ಆಗುವುದಿಲ್ಲ. ಉಳಿದ ಒಂಬತ್ತು ತಿಂಗಳ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಹಂತ 2: ಗಂಟೆಗಂಟೆಯ ತಳ ಹುಡುಕಿ

ತಿಂಗಳ ಬಿಲ್ಲನ್ನು 730 ಗಂಟೆಗಳಿಂದ ಭಾಗಿಸಿದರೆ ಸಿಗುವುದು ಸರಾಸರಿ. ನಿಮಗೆ ಬೇಕಾದ್ದು ಸರಾಸರಿಯಲ್ಲ, ತಳ. ಎಷ್ಟೇ ಕಡಿಮೆಯಾದರೂ ಇದಕ್ಕಿಂತ ಕೆಳಗಿಳಿಯುವುದಿಲ್ಲ ಎನ್ನುವ ಮಟ್ಟ.

ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ. ಒಂದೇ ಬಗೆಯ ಮಷೀನ್‌ಗಳ ಗುಂಪು. ಆನ್-ಡಿಮ್ಯಾಂಡ್ ದರ, ಅಂದರೆ ಯಾವ ಮಾತೂ ಕೊಡದೆ ಬಳಸಿದಷ್ಟಕ್ಕೆ ಕಟ್ಟುವ ಮಾಮೂಲಿ ದರ, ಗಂಟೆಗೆ 0.20 ಡಾಲರ್. ಮುಂಗಡವಿಲ್ಲದ ಒಂದು ವರ್ಷದ ರಿಸರ್ವ್ಡ್ ದರ 0.13 ಡಾಲರ್, ಅಂದರೆ ಶೇ 35 ರಿಯಾಯಿತಿ. ವಾರಕ್ಕೆ 168 ಗಂಟೆ. ಗಂಟೆವಾರು ದಾಖಲೆ ಇಳಿಸಿಕೊಂಡು ಎಣಿಸಿದಾಗ ಹೀಗೆ ಕಂಡಿತು ಎಂದುಕೊಳ್ಳಿ: 10 ಮಷೀನ್‌ಗಳಾದರೂ ಓಡುತ್ತಿದ್ದದ್ದು 168 ಗಂಟೆಯೂ. 14 ಅಥವಾ ಹೆಚ್ಚು ಓಡುತ್ತಿದ್ದದ್ದು 150 ಗಂಟೆ. 18 ಓಡುತ್ತಿದ್ದದ್ದು 112 ಗಂಟೆ. 24 ಓಡುತ್ತಿದ್ದದ್ದು 70 ಗಂಟೆ. 34ಕ್ಕೆ ಏರಿದ್ದು 20 ಗಂಟೆ ಮಾತ್ರ.

ಒಂದು ಮಷೀನಿಗೆ ರಿಸರ್ವ್ಡ್ ಕೊಂಡರೆ ಓಡಲಿ ಬಿಡಲಿ, ವಾರಕ್ಕೆ 168 × 0.13 = 21.84 ಡಾಲರ್ ಕಟ್ಟಬೇಕು. ಈಗ ಒಂದೊಂದು ಮೆಟ್ಟಿಲನ್ನೂ ಕೇಳಿ. ಹತ್ತನೆಯ ಮಷೀನ್‌ಗೆ ಆನ್-ಡಿಮ್ಯಾಂಡ್‌ನಲ್ಲಿ 33.60 ಆಗುತ್ತಿತ್ತು, ವಾರಕ್ಕೆ 11.76 ಉಳಿಯಿತು. ಹದಿನಾಲ್ಕನೆಯದಕ್ಕೆ 30.00 ಆಗುತ್ತಿತ್ತು, 8.16 ಉಳಿಯಿತು. ಹದಿನೆಂಟನೆಯದಕ್ಕೆ 22.40, ಉಳಿದದ್ದು 56 ಸೆಂಟ್. ಇಪ್ಪತ್ನಾಲ್ಕನೆಯದಕ್ಕೆ 14.00 ಮಾತ್ರ ಆಗುತ್ತಿತ್ತು, ಅಂದರೆ ರಿಸರ್ವ್ ಮಾಡಿದರೆ ವಾರಕ್ಕೆ 7.84 ನಷ್ಟ.

ಹದಿನೆಂಟರವರೆಗೂ ಲಾಭವೇ, ಕಾಗದದ ಮೇಲೆ. ಆದರೆ 56 ಸೆಂಟ್‌ಗಾಗಿ ಒಂದು ವರ್ಷದ ಮಾತು ಕೊಡುವುದು ಬೇಡ ಎನ್ನುವುದು ನಮ್ಮ ಸಲಹೆ. ಬಳಕೆ ಸ್ವಲ್ಪ ಜಾರಿದರೂ ಆ ಮೆಟ್ಟಿಲು ನಷ್ಟಕ್ಕೆ ತಿರುಗುತ್ತದೆ. ಇಲ್ಲಿ 14ಕ್ಕೆ ನಿಲ್ಲಿಸಿ.

ಲಾಭ-ನಷ್ಟದ ಗೆರೆ ಎಲ್ಲಿದೆ ಎಂದು ನೋಡಲು ಸೂತ್ರ ಸರಳ: ನೂರರಿಂದ ರಿಯಾಯಿತಿಯನ್ನು ಕಳೆಯಿರಿ. ಶೇ 35 ರಿಯಾಯಿತಿಯಿದ್ದರೆ ಶೇ 65ರಷ್ಟು ಗಂಟೆ, ಅಂದರೆ ವಾರಕ್ಕೆ 109 ಗಂಟೆಗೂ ಹೆಚ್ಚು ಓಡಬೇಕು. ದಿನಕ್ಕೆ 10 ಗಂಟೆ, ವಾರಕ್ಕೆ ಐದು ದಿನ ಓಡುವ ಡೆವಲಪ್‌ಮೆಂಟ್ ಮಷೀನ್ 50 ಗಂಟೆ, ಶೇ 30 ಮಾತ್ರ. ಅದಕ್ಕೆ ರಿಸರ್ವ್ಡ್ ಬೇಡವೇ ಬೇಡ, ರಾತ್ರಿ ಆರಿಸುವ ಶೆಡ್ಯೂಲ್ ಸಾಕು.

ಗಂಟೆಯೊಳಗಿನ ಒಂದು ಸೂಕ್ಷ್ಮವನ್ನೂ ತಿಳಿದಿರಿ. ಸೆಕೆಂಡಿನ ಲೆಕ್ಕದಲ್ಲಿ ಬಿಲ್ ಆಗುವ ಇಸಿ2 ಮಷೀನ್‌ಗಳಲ್ಲಿ ಒಂದು ರಿಸರ್ವ್ಡ್ ಎಂದರೆ ಗಡಿಯಾರದ ಆ ಗಂಟೆಯಲ್ಲಿ 3,600 ಸೆಕೆಂಡ್. ಒಂದೇ ಬಗೆಯ ನಾಲ್ಕು ಮಷೀನ್‌ಗಳು ಆ ಗಂಟೆಯಲ್ಲಿ ಹದಿನೈದು ಹದಿನೈದು ನಿಮಿಷ ಓಡಿದರೂ ಒಂದೇ ರಿಸರ್ವ್ಡ್ ನಾಲ್ಕಕ್ಕೂ ಸಾಲುತ್ತದೆ. ಆದರೆ ಎರಡು ಮಷೀನ್‌ಗಳು ಪೂರ್ತಿ ಗಂಟೆ ಓಡಿ, ಮುಂದಿನ ಗಂಟೆ ಎರಡೂ ಆರಿದ್ದರೆ, ಮೊದಲ ಗಂಟೆ ಒಂದಕ್ಕೆ ಪೂರ್ಣ ದರ ಬೀಳುತ್ತದೆ, ಎರಡನೆಯ ಗಂಟೆ ರಿಸರ್ವ್ಡ್ ವ್ಯರ್ಥ.

ಅಮೆಜಾನ್‌ನ ಕಾಸ್ಟ್ ಎಕ್ಸ್‌ಪ್ಲೋರರ್ ಮತ್ತು ಅಜೂರ್‌ನ ಅಡ್ವೈಸರ್ 7, 30, 60 ದಿನಗಳ ಬಳಕೆ ನೋಡಿ ತಾವೇ ಶಿಫಾರಸು ಕೊಡುತ್ತವೆ. ಅವನ್ನು ಆರಂಭಕ್ಕೆ ಬಳಸಿ, ಕೊನೆಯ ಮಾತಾಗಿ ಅಲ್ಲ. ಮುಂದಿನ ತಿಂಗಳು ನೀವು ಮುಚ್ಚಲಿರುವ ಪ್ರಾಜೆಕ್ಟ್ ಅವಕ್ಕೆ ಗೊತ್ತಿಲ್ಲ. 7 ದಿನದ ಶಿಫಾರಸನ್ನು ಹಬ್ಬ, ಪರೀಕ್ಷೆ, ಮಾರಾಟದ ಸೀಸನ್‌ನಂಥ ವಾರದಲ್ಲಿ ನೋಡಿದರೆ ಅದು ದಾರಿ ತಪ್ಪಿಸುತ್ತದೆ.

ಹಂತ 3: ಡೇಟಾಬೇಸ್‌ನಿಂದ ಶುರುಮಾಡಿ

ವೆಬ್ ಸರ್ವರ್‌ಗಳು ಏರುತ್ತವೆ, ಇಳಿಯುತ್ತವೆ, ಒಂದು ದಿನ ಕಂಟೇನರ್‌ಗೆ (ಪ್ರೋಗ್ರಾಂಗಳನ್ನು ಹಗುರವಾಗಿ ಓಡಿಸುವ ಬೇರೆ ವಿಧಾನಕ್ಕೆ) ಹೋಗುತ್ತವೆ. ಪ್ರೊಡಕ್ಷನ್ ಡೇಟಾಬೇಸ್ ಮಾತ್ರ ರಾತ್ರಿಯೂ ಆರುವುದಿಲ್ಲ, ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಮೊದಲ ರಿಸರ್ವ್ಡ್ ಕೊಳ್ಳಲು ಅದೇ ಸರಿಯಾದ ಜಾಗ. ಆದರೆ ಹೊಂದಾಣಿಕೆಯ ನಿಯಮಗಳು ಅಲ್ಲಿಯೇ ಬಿಗಿ.

ಆರ್‌ಡಿಎಸ್‌ನಲ್ಲಿ ಎಂಜಿನ್ (ಡೇಟಾಬೇಸ್ ಸಾಫ್ಟ್‌ವೇರ್), ಮಷೀನ್ ಕುಟುಂಬ, ರೀಜನ್ ಮೂರೂ ಹೊಂದಬೇಕು. ಮೈಎಸ್‌ಕ್ಯುಎಲ್‌ಗೆ ಕೊಂಡದ್ದು ಪೋಸ್ಟ್‌ಗ್ರೆಸ್‌ಗೆ ಬಾರದು, ಮೈಎಸ್‌ಕ್ಯುಎಲ್‌ನಿಂದ ಅಮೆಜಾನ್‌ನದೇ ಎಂಜಿನ್ ಆದ ಆರೋರಾಗೆ ಹೋದರೂ ಬಾರದು. ಅದೇ ಎಂಜಿನ್‌ನೊಳಗೆ ಆವೃತ್ತಿ ಏರಿಸಿದರೆ ತೊಂದರೆಯಿಲ್ಲ. ಗಾತ್ರ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಯೂನಿಟ್‌ಗಳ ಲೆಕ್ಕ ಬೇಕು. ಸ್ಮಾಲ್‌ಗೆ 1, ಮೀಡಿಯಂಗೆ 2, ಲಾರ್ಜ್‌ಗೆ 4, ಎಕ್ಸ್‌ಲಾರ್ಜ್‌ಗೆ 8, 2ಎಕ್ಸ್‌ಲಾರ್ಜ್‌ಗೆ 16. ಇದು ಒಂದೇ ಝೋನ್‌ನಲ್ಲಿರುವ (ಸಿಂಗಲ್-ಎಝಡ್) ಡೇಟಾಬೇಸ್‌ಗೆ. ಝೋನ್ ಎಂದರೆ ರೀಜನ್‌ನೊಳಗಿನ ಒಂದು ಪ್ರತ್ಯೇಕ ಡೇಟಾ ಸೆಂಟರ್ ಗುಂಪು. ಬೇರೆ ಝೋನ್‌ನಲ್ಲಿ ಒಂದು ಸ್ಟ್ಯಾಂಡ್‌ಬೈ (ಮೀಸಲು ಪ್ರತಿ) ಇರುವ ಮಲ್ಟಿ-ಎಝಡ್‌ಗೆ ಇದರ ಎರಡರಷ್ಟು.

ಇಲ್ಲಿ ಕಾಲು ಜಾರುವವರು ಬಹಳ. ನಿಮ್ಮದು ಮಲ್ಟಿ-ಎಝಡ್‌ನ ಒಂದು ಎಕ್ಸ್‌ಲಾರ್ಜ್, ಅಂದರೆ 16 ಯೂನಿಟ್. ಖರೀದಿ ಪುಟದಲ್ಲಿ ಸಿಂಗಲ್-ಎಝಡ್ ಎಂದೇ ಬಿಟ್ಟು ಒಂದು ಎಕ್ಸ್‌ಲಾರ್ಜ್ ಕೊಂಡಿರಿ, 8 ಯೂನಿಟ್ ಬಂತು. ಯಾವ ಎಚ್ಚರಿಕೆಯೂ ಬರುವುದಿಲ್ಲ, ರಿಸರ್ವ್ಡ್ ಶೇ 100 ಬಳಕೆಯಾಗುತ್ತಿದೆ ಎಂದೇ ವರದಿ ತೋರಿಸುತ್ತದೆ. ಆದರೆ ಡೇಟಾಬೇಸ್‌ನ ಅರ್ಧ ಖರ್ಚಿಗೆ ಮಾತ್ರ ರಿಯಾಯಿತಿ ಸಿಕ್ಕಿರುತ್ತದೆ, ಉಳಿದರ್ಧ ಆನ್-ಡಿಮ್ಯಾಂಡ್. ಇನ್ನೊಂದು ಸಿಂಗಲ್-ಎಝಡ್ ಎಕ್ಸ್‌ಲಾರ್ಜ್ ಕೊಂಡರೆ ಸರಿಹೋಗುತ್ತದೆ. ಈ ಗಾತ್ರದ ಸಡಿಲತೆ ಮೈಎಸ್‌ಕ್ಯುಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್, ಆರೋರಾ ಮತ್ತು ಸ್ವಂತ ಲೈಸೆನ್ಸ್ ತರುವ ಒರಾಕಲ್‌ಗೆ ಇದೆ. ಎಸ್‌ಕ್ಯುಎಲ್ ಸರ್ವರ್‌ಗಾಗಲೀ ಲೈಸೆನ್ಸ್ ಸೇರಿದ ಒರಾಕಲ್‌ಗಾಗಲೀ ಇಲ್ಲ. ಅಲ್ಲಿ ಗಾತ್ರವೂ ಸೇರಿ ಎಲ್ಲವೂ ಚಾಚೂತಪ್ಪದೆ ಹೊಂದಬೇಕು.

ರೀಡ್ ರೆಪ್ಲಿಕಾಗಳನ್ನು (ಓದಲಷ್ಟೇ ಬಳಸುವ ಡೇಟಾಬೇಸ್ ಪ್ರತಿಗಳನ್ನು) ಮರೆಯಬೇಡಿ. ಬಿಲ್ಲಿನ ದೃಷ್ಟಿಯಲ್ಲಿ ಒಂದೊಂದು ರೆಪ್ಲಿಕಾವೂ ಬೇರೆಯೇ ಇನ್‌ಸ್ಟನ್ಸ್. ಆರೋರಾದಲ್ಲಿ ಓದು-ಬರಹಕ್ಕೆ (ಐ/ಓ) ಬೇರೆ ಶುಲ್ಕವಿಲ್ಲದ ಐ/ಓ-ಆಪ್ಟಿಮೈಸ್ಡ್ ವಿನ್ಯಾಸ ಬಳಸುತ್ತಿದ್ದರೆ ಅಲ್ಲಿ ಇನ್‌ಸ್ಟನ್ಸ್ ದರವೇ ಶೇ 30 ಹೆಚ್ಚು. ಪೂರ್ತಿ ತುಂಬಲು ಯೂನಿಟ್‌ಗಳೂ 1.3 ಪಟ್ಟು ಬೇಕು.

ಇನ್ನು ರಿಯಾಯಿತಿ ಮುಟ್ಟದ ಭಾಗಗಳು. ಸ್ಟೋರೇಜ್, ಬ್ಯಾಕಪ್, ಐ/ಓ, ಡೇಟಾ ವರ್ಗಾವಣೆ ಯಾವುದಕ್ಕೂ ರಿಸರ್ವ್ಡ್ ಅನ್ವಯಿಸುವುದಿಲ್ಲ. ಹಳೆಯ ಆವೃತ್ತಿಗೆ ಬೀಳುವ ಎಕ್ಸ್‌ಟೆಂಡೆಡ್ ಸಪೋರ್ಟ್ ಶುಲ್ಕಕ್ಕೂ ಇಲ್ಲ. ಡೇಟಾಬೇಸ್ ಬಿಲ್ 1,000 ಡಾಲರ್, ಅದರಲ್ಲಿ ಇನ್‌ಸ್ಟನ್ಸ್ ಗಂಟೆಗಳದ್ದು 600 ಎಂದಾದರೆ, ಶೇ 35 ರಿಯಾಯಿತಿಯ ಉಳಿತಾಯ 350 ಅಲ್ಲ, 210. ಬಿಲ್ಲನ್ನು ಬಿಡಿಸಿ ನೋಡದೆ ಮೇಲಿನವರಿಗೆ ಉಳಿತಾಯದ ಅಂಕಿ ಹೇಳಬೇಡಿ.

ಅಜೂರ್ ಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ರಿಸರ್ವೇಷನ್ ಸಿಗುವುದು ಪ್ರೊಸೆಸರ್ ಕೋರ್‌ಗಳ ಲೆಕ್ಕದಲ್ಲಿ ಕೊಳ್ಳುವ ವಿಕೋರ್ ಮಾದರಿಗೆ ಮಾತ್ರ, ಸಿಪಿಯು, ಮೆಮೊರಿ, ಐ/ಓ ಸೇರಿಸಿ ಅಳೆಯುವ ಡಿಟಿಯು ಮಾದರಿಗೆ ಇಲ್ಲ. ಅದೂ ಕಂಪ್ಯೂಟ್ ಭಾಗಕ್ಕೆ ಮಾತ್ರ: ಸ್ಟೋರೇಜ್, ಲೈಸೆನ್ಸ್ ಹೊರಗೆ. ಲೈಸೆನ್ಸ್ ಭಾಗವನ್ನು ಇಳಿಸಲು ನಿಮ್ಮಲ್ಲಿರುವ ಲೈಸೆನ್ಸನ್ನೇ ಬಳಸುವ ಹೈಬ್ರಿಡ್ ಬೆನಿಫಿಟ್ ಎಂಬ ಬೇರೆ ದಾರಿ ಇದೆ, ಎರಡನ್ನೂ ಒಟ್ಟಿಗೆ ಬಳಸಬಹುದು. ವಿಂಡೋಸ್ ವರ್ಚುವಲ್ ಮಷೀನ್‌ಗೂ ಇದೇ ಮಾತು: ಶೇ 60 ರಿಯಾಯಿತಿ ಎಂದು ಕೊಂಡರೂ ವಿಂಡೋಸ್ ಲೈಸೆನ್ಸ್‌ನ ಸಾಲು ಬಿಲ್ಲಿನಲ್ಲಿ ಹಾಗೇ ಕೂತಿರುತ್ತದೆ. ಗೂಗಲ್‌ನ ಕ್ಲೌಡ್ ಎಸ್‌ಕ್ಯುಎಲ್‌ನಲ್ಲಿ ವಿಸಿಪಿಯು ಮತ್ತು ಮೆಮೊರಿಗೆ ರಿಯಾಯಿತಿ ಇದೆ. ಸ್ಟೋರೇಜ್, ನೆಟ್‌ವರ್ಕ್, ಲೈಸೆನ್ಸ್‌ಗೆ ಇಲ್ಲ, ಪ್ರೊಸೆಸರನ್ನು ಇತರರೊಂದಿಗೆ ಹಂಚಿಕೊಳ್ಳುವ ಚಿಕ್ಕ ಶೇರ್ಡ್-ಕೋರ್ ಇನ್‌ಸ್ಟನ್ಸ್‌ಗಳಿಗೂ ಇಲ್ಲ.

ಹಂತ 4: ಮಷೀನ್‌ಗಳಿಗೆ ಯಾವ ಬಗೆ?

ಇಸಿ2ನಲ್ಲಿ ಈಗ ಹೊಸದಾಗಿ ಕೊಳ್ಳುವವರಿಗೆ ಸೇವಿಂಗ್ಸ್ ಪ್ಲ್ಯಾನ್ ಹೆಚ್ಚು ಅನುಕೂಲ ಎನ್ನುವುದು ನಮ್ಮ ಅಭಿಪ್ರಾಯ. ಇಸಿ2 ಇನ್‌ಸ್ಟನ್ಸ್ ಸೇವಿಂಗ್ಸ್ ಪ್ಲ್ಯಾನ್‌ನ ಗರಿಷ್ಠ ರಿಯಾಯಿತಿ ಸ್ಟ್ಯಾಂಡರ್ಡ್ ರಿಸರ್ವ್ಡ್‌ಗೆ ಸಮ, ಗಾತ್ರ, ಆಪರೇಟಿಂಗ್ ಸಿಸ್ಟಂಗಳ ಕಟ್ಟು ಇಲ್ಲ. ಮುಂದೆ ಕಂಟೇನರ್‌ಗೆ ಹೋಗುವ ಅಥವಾ ರೀಜನ್ ಬದಲಾಯಿಸುವ ಸಾಧ್ಯತೆ ಇದ್ದರೆ ಕೆಲವು ಶೇಕಡಾ ಬಿಟ್ಟುಕೊಟ್ಟಾದರೂ ಕಂಪ್ಯೂಟ್ ಸೇವಿಂಗ್ಸ್ ಪ್ಲ್ಯಾನ್ ತೆಗೆದುಕೊಳ್ಳಿ.

ಸೇವಿಂಗ್ಸ್ ಪ್ಲ್ಯಾನ್‌ನಲ್ಲಿ ಆಗುವ ಅತಿ ದುಬಾರಿ ತಪ್ಪು ಒಂದೇ: ಗಂಟೆಯ ಮೊತ್ತವನ್ನು ಆನ್-ಡಿಮ್ಯಾಂಡ್ ದರದಲ್ಲಿ ಹಾಕುವುದು. ಆ ಮೊತ್ತ ರಿಯಾಯಿತಿ ಕಳೆದ ಮೇಲಿನ ಮೊತ್ತ. ನಿಮ್ಮ ತಳ ಗಂಟೆಗೆ 10 ಡಾಲರ್ ಆನ್-ಡಿಮ್ಯಾಂಡ್, ರಿಯಾಯಿತಿ ಶೇ 30 ಎಂದರೆ ಹಾಕಬೇಕಾದ್ದು 7. ಗೊತ್ತಿಲ್ಲದೆ 10 ಹಾಕಿದರೆ ಅದು ಸುಮಾರು 14.29 ಡಾಲರ್‌ನಷ್ಟು ಆನ್-ಡಿಮ್ಯಾಂಡ್ ಬಳಕೆಯನ್ನು ಹೊರುವ ಒಪ್ಪಂದ. ಅಷ್ಟು ಬಳಕೆ ಇಲ್ಲದಿದ್ದರೆ ಗಂಟೆಗೆ 3 ಡಾಲರ್ ಸುಮ್ಮನೆ ಹೋಗುತ್ತದೆ, ವರ್ಷದ 8,760 ಗಂಟೆಗೆ 26,280 ಡಾಲರ್. ಅಜೂರ್ ಸೇವಿಂಗ್ಸ್ ಪ್ಲ್ಯಾನ್‌ಗೂ ಇದೇ ಎಚ್ಚರ. ಅಮೆಜಾನ್‌ನಲ್ಲಿ ಗಂಟೆಗೆ 100 ಡಾಲರ್ ಅಥವಾ ಅದಕ್ಕಿಂತ ಕಡಿಮೆಯ ಪ್ಲ್ಯಾನನ್ನು ಕೊಂಡ 7 ದಿನದೊಳಗೆ, ಅದೇ ಕ್ಯಾಲೆಂಡರ್ ತಿಂಗಳಲ್ಲಿ ಹಿಂದಿರುಗಿಸಬಹುದು. ಹಾಗಾಗಿ ತಿಂಗಳ ಕೊನೆಯ ದಿನ ಕೊಳ್ಳಬೇಡಿ, ತಪ್ಪು ತಿದ್ದಲು ಕೆಲವೇ ಗಂಟೆ ಸಿಗುತ್ತದೆ. ಮೊದಲ ವಾರದಲ್ಲಿ ಕೊಂಡು, ಮೂರು ದಿನಕ್ಕೆ ಬಳಕೆಯ ವರದಿ ನೋಡಿ.

ಇಸಿ2 ರಿಸರ್ವ್ಡ್ ಬೇಕೇ ಬೇಕಾಗುವುದು ಒಂದೇ ಸಂದರ್ಭದಲ್ಲಿ ಎನ್ನಬಹುದು: ದರದ ಜೊತೆ ಜಾಗವೂ ಖಾತ್ರಿಯಾಗಬೇಕೆಂದಾಗ. ಖರೀದಿ ಪುಟದಲ್ಲಿ ಕೆಪಾಸಿಟಿ ಕಾದಿರಿಸುವ ಆಯ್ಕೆ ಹಾಕಿದರೆ ಅದು ಒಂದು ಝೋನ್‌ಗೆ ಕಟ್ಟಿದ ಝೋನಲ್ ರಿಸರ್ವ್ಡ್ ಆಗುತ್ತದೆ. ಆಗ ಆ ಝೋನ್‌ನಲ್ಲಿ ನಿಮಗೆ ಮಷೀನ್ ಸಿಗುವುದು ಖಾತ್ರಿ, ಆದರೆ ಗಾತ್ರದ ಸಡಿಲತೆ ಹೋಗುತ್ತದೆ. ಆಯ್ಕೆ ಹಾಕದಿದ್ದರೆ ರೀಜನಲ್: ಯಾವ ಝೋನ್‌ನಲ್ಲಿದ್ದರೂ ರಿಯಾಯಿತಿ, ಲಿನಕ್ಸ್ ಮಷೀನ್‌ಗಳಿಗೆ ಗಾತ್ರದ ಸಡಿಲತೆ, ಆದರೆ ಜಾಗದ ಖಾತ್ರಿ ಇಲ್ಲ. ಸೇವಿಂಗ್ಸ್ ಪ್ಲ್ಯಾನ್‌ನಲ್ಲೂ ಇಲ್ಲ. ಬೇಕಿದ್ದರೆ ಆನ್-ಡಿಮ್ಯಾಂಡ್ ಕೆಪಾಸಿಟಿ ರಿಸರ್ವೇಷನ್ ಬೇರೆ ಮಾಡಿ, ಅದರ ಮೇಲೆ ಈ ರಿಯಾಯಿತಿ ಕೂರುತ್ತದೆ.

ಎರಡೂ ಇದ್ದರೆ ಬಿಲ್ಲಿಂಗ್ ಮೊದಲು ರಿಸರ್ವ್ಡ್, ಆಮೇಲೆ ಇಸಿ2 ಇನ್‌ಸ್ಟನ್ಸ್ ಸೇವಿಂಗ್ಸ್ ಪ್ಲ್ಯಾನ್, ಕೊನೆಗೆ ಕಂಪ್ಯೂಟ್ ಸೇವಿಂಗ್ಸ್ ಪ್ಲ್ಯಾನ್ ಎಂಬ ಕ್ರಮದಲ್ಲಿ ಹಚ್ಚುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದು ಹೊರುತ್ತಿರುವ ಭಾಗವನ್ನು ಕಳೆದು ಲೆಕ್ಕ ಹಾಕಿ.

ಹಂತ 5: ಒಂದು ವರ್ಷವೋ, ಮೂರೋ? ಮುಂಗಡ ಎಷ್ಟು?

ಮೊದಲಿನ ಮಷೀನನ್ನೇ ತೆಗೆದುಕೊಳ್ಳಿ. ಆನ್-ಡಿಮ್ಯಾಂಡ್‌ನಲ್ಲಿ ವರ್ಷಕ್ಕೆ 1,752 ಡಾಲರ್. ಮುಂಗಡವಿಲ್ಲದ ಒಂದು ವರ್ಷದ ದರದಲ್ಲಿ 1,138.80. ಪೂರ್ತಿ ಮುಂಗಡ ಕಟ್ಟಿದರೆ 1,080 ಎಂದಿಟ್ಟುಕೊಳ್ಳಿ. ಮೂರು ವರ್ಷಕ್ಕೆ ಪೂರ್ತಿ ಮುಂಗಡ 2,100.

1,080ನ್ನು 0.20ರಿಂದ ಭಾಗಿಸಿದರೆ 5,400 ಗಂಟೆ, ಸುಮಾರು ಏಳೂವರೆ ತಿಂಗಳು. ಅಲ್ಲಿಯವರೆಗೆ ಮಷೀನ್ ನಿಲ್ಲದೆ ಓಡಿದರೆ ಕೊಟ್ಟದ್ದು ವಾಪಸ್, ಆಮೇಲಿನದು ಲಾಭ. 2,100ಕ್ಕೆ ಅದೇ ಲೆಕ್ಕ 10,500 ಗಂಟೆ, ಹದಿನಾಲ್ಕೂವರೆ ತಿಂಗಳಿಗೆ ಹತ್ತಿರ. ಹಾಗಾದರೆ ಮೂರು ವರ್ಷದ್ದೇ ಮೇಲಲ್ಲವೇ? ಆನ್-ಡಿಮ್ಯಾಂಡ್‌ಗೆ ಹೋಲಿಸುವುದೇ ಇಲ್ಲಿ ತಪ್ಪು. ನಿಮ್ಮೆದುರಿನ ಇನ್ನೊಂದು ಆಯ್ಕೆ ಒಂದು ವರ್ಷದ ರಿಸರ್ವ್ಡ್. ವರ್ಷಕ್ಕೆ 1,138.80ರಂತೆ 2,100 ಮುಟ್ಟಲು ಸುಮಾರು 22 ತಿಂಗಳು ಬೇಕು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಇದು: ಇದೇ ಕುಟುಂಬದ ಈ ಮಷೀನ್ (ಡೇಟಾಬೇಸ್ ಆದರೆ ಇದೇ ಎಂಜಿನ್‌ನದು) ಇನ್ನು 22 ತಿಂಗಳು ಇಲ್ಲೇ ಇರುತ್ತದೆಯೇ? ಹೌದೆಂದು ಧೈರ್ಯವಾಗಿ ಹೇಳಬಲ್ಲಿರಾದರೆ ಮೂರು ವರ್ಷ ಕೊಳ್ಳಿ. ಅನುಮಾನವಿದ್ದರೆ ಒಂದು ವರ್ಷ.

ಮುಂಗಡದ ವಿಷಯದಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಮೇಲಿನ ಲೆಕ್ಕದಲ್ಲಿ ಪೂರ್ತಿ ಮುಂಗಡದಿಂದ ಹೆಚ್ಚಾಗಿ ಉಳಿದದ್ದು 58.80 ಡಾಲರ್. ಅಷ್ಟು ದುಡ್ಡನ್ನು ಒಮ್ಮೆಗೇ ಕೈಬಿಡುವುದು ನಿಮಗೆ ಹಗುರವೇ ಎನ್ನುವುದನ್ನು ಹಣಕಾಸಿನವರು ಹೇಳಲಿ. ಆರ್‌ಡಿಎಸ್‌ನಲ್ಲಿ ಮುಂಗಡವಿಲ್ಲದ ಆಯ್ಕೆ ಒಂದು ವರ್ಷಕ್ಕೆ ಮಾತ್ರ, ಮೂರು ವರ್ಷಕ್ಕೆ ಇಲ್ಲ. ಅಜೂರ್‌ನಲ್ಲಿ ರಿಸರ್ವೇಷನ್ ಹಣವನ್ನು ಒಮ್ಮೆಗೇ ಕಟ್ಟಿದರೂ ತಿಂಗಳಿಗೆ ಕಟ್ಟಿದರೂ ಒಟ್ಟು ಮೊತ್ತ ಒಂದೇ, ಹಾಗಾಗಿ ಅಲ್ಲಿ ತಿಂಗಳ ಕಂತೇ ಜಾಣತನ.

ಒಂದು ತಪ್ಪು ತಿಳಿವಳಿಕೆ ಬಿಡಿ: ಮುಂಗಡವಿಲ್ಲ ಎಂದರೆ ಯಾವಾಗ ಬೇಕಾದರೂ ಬಿಡಬಹುದು ಎಂದಲ್ಲ. ಕಂತಿನಲ್ಲಿ ಕಟ್ಟಿದರೂ ಪೂರ್ತಿ ಅವಧಿಯ ಸಾಲ ನಿಮ್ಮ ತಲೆಯ ಮೇಲಿದೆ.

ಹಂತ 6: ಖರೀದಿ

ಕೊಳ್ಳುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ರೀಜನ್, ಎಂಜಿನ್ ಅಥವಾ ಪ್ಲಾಟ್‌ಫಾರ್ಮ್, ಕುಟುಂಬ ಮತ್ತು ಗಾತ್ರ, ಸಿಂಗಲ್ ಅಥವಾ ಮಲ್ಟಿ-ಎಝಡ್, ಸಂಖ್ಯೆ, ಅವಧಿ, ಪಾವತಿ ಬಗೆ. ಇದನ್ನು ಓಡುತ್ತಿರುವ ಇನ್‌ಸ್ಟನ್ಸ್‌ನ ಪುಟ ತೆರೆದು ಅಲ್ಲಿಂದ ಬರೆಯಿರಿ, ನೆನಪಿನಿಂದ ಅಲ್ಲ. ಮತ್ತೊಬ್ಬರು ಪರದೆಯ ಮೇಲಿನದನ್ನು ಹಾಳೆಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಗುಂಡಿ ಒತ್ತಿ. ಕನ್ಸೋಲ್‌ನ ಮೇಲ್ಮೂಲೆಯಲ್ಲಿ ಬೇರೆ ರೀಜನ್ ಇದ್ದದ್ದನ್ನು ಗಮನಿಸದೆ ಕೊಳ್ಳುವುದು ಅಪರೂಪವಲ್ಲ.

ಆರ್‌ಡಿಎಸ್‌ನಲ್ಲಿ ಎಡಪಟ್ಟಿಯ ರಿಸರ್ವ್ಡ್ ಇನ್‌ಸ್ಟನ್ಸಸ್‌ಗೆ ಹೋಗಿ ಖರೀದಿ ಆರಿಸಿ. ಪ್ರಾಡಕ್ಟ್ ಡಿಸ್ಕ್ರಿಪ್ಷನ್ ಎನ್ನುವುದೇ ಎಂಜಿನ್. ಆಮೇಲೆ ಇನ್‌ಸ್ಟನ್ಸ್ ಕ್ಲಾಸ್, ಮಲ್ಟಿ-ಎಝಡ್ ಹೌದೋ ಅಲ್ಲವೋ, ಅವಧಿ, ಪಾವತಿ ಬಗೆ. ಗುರುತಿನ ಹೆಸರು ಕೇಳುವಲ್ಲಿ ಡೇಟಾಬೇಸ್‌ನ ಹೆಸರು ಮತ್ತು ಮುಗಿಯುವ ತಿಂಗಳು ಹಾಕಿ, ಮುಂದಿನ ವರ್ಷ ನೋಡುವವರಿಗೆ ಅನುಕೂಲ. ಸ್ಥಿತಿ ಪೇಮೆಂಟ್ ಪೆಂಡಿಂಗ್‌ನಿಂದ ಆಕ್ಟಿವ್ ಆಗುವವರೆಗೂ ನೋಡಿ. ಕಾರ್ಡ್ ನಿರಾಕರಿಸಿದರೆ ಅದು ಫೇಲ್ಡ್ ಆಗಿ ಕೂರುತ್ತದೆ, ರಿಯಾಯಿತಿ ಶುರುವೇ ಆಗುವುದಿಲ್ಲ.

ಅಜೂರ್‌ನಲ್ಲಿ ರಿಸರ್ವೇಷನ್ ಪುಟದಲ್ಲಿ ಸೇವೆ ಆರಿಸಿದ ಮೇಲೆ ಸ್ಕೋಪ್, ಅಂದರೆ ರಿಯಾಯಿತಿ ಎಲ್ಲಿಗೆಲ್ಲ ಅನ್ವಯಿಸಬೇಕು ಎಂದು ಕೇಳುತ್ತದೆ: ಒಂದು ರಿಸೋರ್ಸ್ ಗ್ರೂಪ್, ಒಂದು ಸಬ್‌ಸ್ಕ್ರಿಪ್ಷನ್, ಮ್ಯಾನೇಜ್‌ಮೆಂಟ್ ಗ್ರೂಪ್ ಅಥವಾ ಶೇರ್ಡ್. ಬೇರೆ ಕಾರಣವಿಲ್ಲದಿದ್ದರೆ ಶೇರ್ಡ್ ಇಡಿ. ಒಂದು ಸಬ್‌ಸ್ಕ್ರಿಪ್ಷನ್‌ನಲ್ಲಿ ಖಾಲಿ ಬಿದ್ದ ಗಂಟೆ ಇನ್ನೊಂದಕ್ಕೆ ಒದಗುತ್ತದೆ. ಸ್ಕೋಪನ್ನು ಆಮೇಲೂ ಬದಲಾಯಿಸಬಹುದು. ಗೂಗಲ್‌ನಲ್ಲಿ ಸಂಪನ್ಮೂಲ ಲೆಕ್ಕದ ಒಪ್ಪಂದ ಕೊಂಡ ಪ್ರಾಜೆಕ್ಟ್‌ಗೆ ಮಾತ್ರ ಅನ್ವಯಿಸುತ್ತದೆ, ಉಳಿದ ಪ್ರಾಜೆಕ್ಟ್‌ಗಳಿಗೂ ಬೇಕಿದ್ದರೆ ಬಿಲ್ಲಿಂಗ್ ಖಾತೆಯಲ್ಲಿ ಹಂಚಿಕೆ ಆನ್ ಮಾಡಬೇಕು. ಅಮೆಜಾನ್‌ನ ಒಂದೇ ಸಂಸ್ಥೆಯ ಖಾತೆಗಳಲ್ಲಿ ಕೊಂಡ ಖಾತೆಗೆ ಮೊದಲು, ಮಿಕ್ಕದ್ದು ಉಳಿದವಕ್ಕೆ. ಯಾರಾದರೂ ಹಂಚಿಕೆ ಆರಿಸಿಟ್ಟಿದ್ದರೆ ಮಿಕ್ಕದ್ದು ವ್ಯರ್ಥ.

ಬೇಕಾದ ಅಷ್ಟನ್ನೂ ಒಂದೇ ದಿನ ಕೊಳ್ಳಬೇಡಿ. 14 ಬೇಕೆಂದು ಲೆಕ್ಕ ಬಂದರೆ ಈಗ 5, ಮೂರು ತಿಂಗಳಿಗೆ 5, ಇನ್ನು ಮೂರು ತಿಂಗಳಿಗೆ 4. ಆಗ ಮುಗಿಯುವ ದಿನಗಳೂ ಚದುರುತ್ತವೆ, ಮೂರು ತಿಂಗಳಿಗೊಮ್ಮೆ ಸಂಖ್ಯೆಯನ್ನು ಮರುಯೋಚಿಸುವ ಅವಕಾಶ ಸಿಗುತ್ತದೆ.

ಹಂತ 7: ಕೊಂಡಮೇಲೆ ನೋಡಬೇಕಾದ ಎರಡು ಅಂಕಿಗಳು

ಯುಟಿಲೈಸೇಷನ್ ಎಂದರೆ ಕೊಂಡದ್ದರಲ್ಲಿ ಎಷ್ಟು ಬಳಕೆಯಾಯಿತು. ಕವರೇಜ್ ಎಂದರೆ ಒಟ್ಟು ಬಳಕೆಯಲ್ಲಿ ಎಷ್ಟಕ್ಕೆ ರಿಯಾಯಿತಿ ಸಿಕ್ಕಿತು. ಒಂದನ್ನೇ ನೋಡಿದರೆ ಸಾಲದು. ಮೇಲಿನ ಮಲ್ಟಿ-ಎಝಡ್ ತಪ್ಪಿನಲ್ಲಿ ಯುಟಿಲೈಸೇಷನ್ ಶೇ 100, ಕವರೇಜ್ ಶೇ 50. ಯುಟಿಲೈಸೇಷನ್ ಶೇ 95ಕ್ಕಿಂತ ಕೆಳಗಿಳಿದರೆ ಅಂದೇ ಕಾರಣ ಹುಡುಕಿ: ಯಾರೋ ಕುಟುಂಬ ಬದಲಾಯಿಸಿರುತ್ತಾರೆ, ಅಥವಾ ಡೇಟಾಬೇಸ್ ಆರಿಸಿರುತ್ತಾರೆ. ಕವರೇಜ್ ಶೇ 100 ಆಗಬೇಕೆಂದು ಹಟ ಬೇಡ. ಏರಿಳಿತವಿರುವ ಕಡೆ ಶೇ 70ರಿಂದ 80 ಆರೋಗ್ಯಕರ.

ಪೂರ್ತಿ ಮುಂಗಡ ಕಟ್ಟಿದ ತಿಂಗಳು ಬಿಲ್ ಗೋಪುರದಂತೆ ಏಳುತ್ತದೆ, ಮುಂದಿನ ತಿಂಗಳುಗಳು ಬಿಟ್ಟಿ ಎನ್ನುವಂತೆ ಕಾಣುತ್ತವೆ. ವರದಿಯನ್ನು ಅಮಾರ್ಟೈಸ್ಡ್ ನೋಟಕ್ಕೆ ಬದಲಾಯಿಸಿದರೆ ಆ ಹಣ ಅವಧಿಯುದ್ದಕ್ಕೂ ಹರಡಿಕೊಂಡು ನಿಜವಾದ ಖರ್ಚು ಕಾಣುತ್ತದೆ. ತಂಡಗಳಿಗೆ ಖರ್ಚು ಹಂಚುವಾಗ ಇದನ್ನೇ ಬಳಸಿ.

ಸಿಕ್ಕಿಹಾಕಿಕೊಂಡರೆ ದಾರಿಗಳು ಕೆಲವೇ. ಇಸಿ2 ಸ್ಟ್ಯಾಂಡರ್ಡ್ ರಿಸರ್ವ್ಡ್ ಅನ್ನು 30 ದಿನ ಕಳೆದ ಮೇಲೆ ಅಮೆಜಾನ್‌ನ ಮಾರುಕಟ್ಟೆಯಲ್ಲಿ ಮಾರಬಹುದು. ಶುಲ್ಕ ಶೇ 12, ಮಾರುವವರಿಗೆ ಅಮೆರಿಕದ ಬ್ಯಾಂಕ್ ಖಾತೆ ಬೇಕು. ಕನ್ವರ್ಟಿಬಲ್ ಅನ್ನು ಮಾರಲಾಗದು, ಸಮ ಅಥವಾ ಹೆಚ್ಚಿನ ಬೆಲೆಯದಕ್ಕೆ ಬದಲಾಯಿಸಿಕೊಳ್ಳಬಹುದು. ಅಜೂರ್ ರಿಸರ್ವೇಷನ್ ಅನ್ನು 12 ತಿಂಗಳ ಅವಧಿಯಲ್ಲಿ ಒಟ್ಟು 50,000 ಡಾಲರ್ ಮಿತಿಯೊಳಗೆ ಹಿಂದಿರುಗಿಸಬಹುದು, ಸೇವಿಂಗ್ಸ್ ಪ್ಲ್ಯಾನ್ ಹಿಂದಿರುಗಿಸಲಾಗದು. ಗೂಗಲ್‌ನ ಒಪ್ಪಂದಗಳಿಗೆ ರದ್ದತಿ ಇಲ್ಲ.

ಅವಧಿ ಮುಗಿದ ರಾತ್ರಿ ಡೇಟಾಬೇಸ್ ನಿಲ್ಲುವುದಿಲ್ಲ, ಏನೂ ಕೆಡುವುದಿಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಮರುದಿನದಿಂದ ಆನ್-ಡಿಮ್ಯಾಂಡ್ ದರ ಓಡುತ್ತದೆ. ಆರ್‌ಡಿಎಸ್ ರಿಸರ್ವ್ಡ್ ತಾನಾಗಿ ನವೀಕರಣವಾಗುವುದಿಲ್ಲ. ಅಜೂರ್‌ನಲ್ಲಿ ತಾನೇ ನವೀಕರಿಸುವ ಸೆಟ್ಟಿಂಗ್ ಇದೆ. ಅದು ಆನ್ ಆಗಿದ್ದರೆ ನೀವು ಬಿಡಬೇಕೆಂದಿದ್ದ ಒಪ್ಪಂದ ಮತ್ತೆ ಒಂದು ಅವಧಿಗೆ ಅಂಟಿಕೊಳ್ಳುತ್ತದೆ, ಆದ್ದರಿಂದ ಕೊಂಡ ದಿನವೇ ಅದನ್ನು ನೋಡಿ ತೀರ್ಮಾನಿಸಿ. ಪ್ರತಿ ಒಪ್ಪಂದಕ್ಕೂ ತಂಡದ ಕ್ಯಾಲೆಂಡರ್‌ನಲ್ಲಿ ಎರಡು ದಿನಾಂಕ ಹಾಕಿ: ಮುಗಿಯಲು 45 ದಿನ ಇರುವಾಗ ಒಂದು, 7 ದಿನ ಇರುವಾಗ ಇನ್ನೊಂದು. ಮೊದಲನೆಯ ದಿನ ಹಂತ 1ರಿಂದ ಮತ್ತೆ ಶುರು, ಯಾಕೆಂದರೆ ವರ್ಷದ ಹಿಂದೆ ಸರಿಯಾಗಿದ್ದ ಗಾತ್ರ ಈಗಲೂ ಸರಿಯೇ ಎಂದೇನಿಲ್ಲ. ಎರಡನೆಯ ದಿನ ಖರೀದಿಯ ಹಾಳೆ ಸಿದ್ಧವಾಗಿ ಕೈಯಲ್ಲಿರಲಿ.